ಸಂಕಷ್ಟಿಯ ದಿನದ ರೇಸ್

ಮೊನ್ನೆ ಭಾನುವಾರ ಠಾಣೆಯ ನಮ್ಮ ಮನೆಯಲ್ಲಿ ಮಗುವಿಗೆ ಹೊಟ್ಟೆನೋವು. ಹೊಕ್ಕುಳ ಸುತ್ತ ಹಚ್ಚಲೆಂದು ಹೆಂಡತಿ ಸಣ್ಣ ಬಾಣಲೆಯಲ್ಲಿ ಹರಳೆಣ್ಣೆ ಬಿಸಿಗಿಟ್ಟಿದ್ದಳು. ಅಷ್ಟರಲ್ಲಿ ಯಾರದೋ ಫೋನ್ ಬಂತು, ಮಾತಿಗೆ ನಿಂತಳು, ಎಣ್ಣೆ ಸೀದು ಹೊಗೆ ಎದ್ದಿತು. ಅವಳು ಓಡಿಬಂದು ಗ್ಯಾಸ್ ಆರಿಸಿ ಕಿಟಕಿ ತೆರೆಯುತ್ತಿದ್ದರೆ ನಾನು ಅಡುಗೆಮನೆಯ ಬಾಗಿಲಲ್ಲಿ ಮೂಗರಳಿಸಿಕೊಂಡು ನಿಂತಿದ್ದೆ. "ಎಂತ ನಿಂತು ನೋಡುದು? ಫ್ಯಾನ್ ಆದ್ರೂ ಹಾಕಿ" ಎಂದು ಬೈಸಿಕೊಂಡೆ. ಅವಳಿಗೆ ಅದು ಸೀದ ಎಣ್ಣೆ. ನನಗೆ ರೇಸ್ ಟ್ರ್ಯಾಕಿನ ವಾಸನೆ. ಹುಡುಗರಾಗಿದ್ದಾಗ ನಾವು ಓಡಿಸುತ್ತಿದ್ದ ಪುಟ್ಟ ಕಾರ್ಟುಗಳ ಪೆಟ್ರೋಲಿಗೆ ಬೆರೆಸುವ ಆಯಿಲ್‌ನಲ್ಲಿ ಹರಳೆಣ್ಣೆ ಇರುತ್ತಿತ್ತು. ಆ ವಾಸನೆ ಬಂದರೆ ಅದರ ಹಿಂದೆ ಅಕ್ಕ ಬರಲೇಬೇಕು...

ಅಕ್ಕ ನನ್ನ ಒಡಹುಟ್ಟಿದವಳೇನೂ ಅಲ್ಲ. ಡೊಂಬಿವಲಿಯಲ್ಲಿ ನಾವಿದ್ದ ಬಿಲ್ಡಿಂಗಿನ ಮೂರನೇ ಮಾಳಿಗೆಯವಳು, ನನಗಿಂತ ಸ್ವಲ್ಪ ದೊಡ್ಡವಳು. ಅವರದು ಉಡುಪಿ ಕಡೆ, ಅಪ್ಪನದು ಕಲ್ಯಾಣ ಸ್ಟೇಷನ್ ಹತ್ತಿರ ಹೋಟೆಲು. ಮನೆಯಲ್ಲಿ ತುಳು, ಮೆಟ್ಟಿಲಲ್ಲಿ ಮರಾಠಿ, ಬೈಯಲಿಕ್ಕೆ ಹಿಂದಿ. ಕುಂದಾಪುರದವರಾದ ನಮ್ಮೊಡನೆ ಮಾತ್ರ ಕನ್ನಡ, ಅದೂ ಅರ್ಧಂಬರ್ಧ.

ನವಿ ಮುಂಬಯಿಯ ಒಂದು ಮಾಲ್‌ನ ಹಿಂದೆ ದುಡ್ಡು ಕೊಟ್ಟವರಿಗೆಲ್ಲ ಕಾರ್ಟ್ ಓಡಿಸಲು ಕೊಡುವ ಜಾಗವಿತ್ತು. ಯಾರದೋ ಹುಟ್ಟುಹಬ್ಬಕ್ಕೆಂದು ಹೋಗಿ ಅವಳು ಮೊದಲ ಸಲ ಅದರಲ್ಲಿ ಕೂತಳು. ಇಳಿಸಬೇಕಾದರೆ ಅವಳಪ್ಪನಿಗೆ ಸಾಕುಸಾಕಾಯಿತಂತೆ. ಅಂದು ಅಲ್ಲಿ ಸರ್ ಇದ್ದರು. ಸರ್ ಎಂದರೆ ಮುಂದೆ ನಮಗೆ ಕಲಿಸಿದವರು, ಬೆಳಗಾವಿ ಕಡೆಯವರು, ಒಂದು ಕಾಲಕ್ಕೆ ತಾವೂ ರೇಸ್ ಓಡಿಸಿ ಆಮೇಲೆ ಉಲ್ಹಾಸನಗರದಲ್ಲಿ ಗ್ಯಾರೇಜ್ ಇಟ್ಟವರು. "ಈ ಹುಡುಗಿ ಬ್ರೇಕ್ ಅನ್ನೂದ ಮರತ ಹುಟ್ಟ್ಯಾಳ" ಎಂದು ಬೈದು, ಮುಂದಿನ ಭಾನುವಾರ ಗ್ಯಾರೇಜಿಗೆ ಬಾ ಎಂದರಂತೆ. ಅವಳು ಹೋದಳು. ಅವಳ ಬಾಲ ಹಿಡಿದು ನಾನೂ ಹೋದೆ.

ನಾನು ಓಡಿಸುತ್ತಿದ್ದೆ ಅಷ್ಟೆ. ಓಡಿಸುವುದು ಅಂದರೆ ಏನು ಎಂದು ತಿಳಿದದ್ದು ಅವಳ ಹಿಂದೆ ಹೋದಾಗ. ತಿರುವಿನಲ್ಲಿ ನಾವೆಲ್ಲ ಹೆದರಿ ಬ್ರೇಕ್ ಒತ್ತಿದ ಮೇಲೂ ಅವಳು ಮುಂದೆ ಹೋಗುತ್ತಿದ್ದಳು. ಇನ್ನೇನು ಗೋಡೆಗೆ ಬಡಿದಳು ಅನ್ನುವಾಗ ಕಾರ್ಟಿನ ತಿರುವಿನ ಒಳಬದಿಯ ಚಕ್ರ ನೆಲ ಬಿಟ್ಟೇಳುತ್ತಿತ್ತು, ಮೂತಿ ತಿರುಗುತ್ತಿತ್ತು, ಅವಳು ಆಚೆ ಪಾರಾಗಿರುತ್ತಿದ್ದಳು. ಯಾರಿಗೂ ಗುದ್ದಿ ಮುಂದೆ ಹೋದವಳಲ್ಲ. ವಾಪಸ್ ಬರುವಾಗ ಲೋಕಲ್ ಟ್ರೇನಿನಲ್ಲಿ ಹೆಲ್ಮೆಟ್ಟನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. "ಗಾಡಿ ಕುಠೇ ಗೇಲೀ?" ಎಂದು, ಗಾಡಿ ಎಲ್ಲಿ ಹೋಯಿತೆಂದು ಎದುರಿನ ಹೆಂಗಸರು ಕೇಳಿದರೆ, ಪಂಕ್ಚರ್ ಆಯಿತು ಎಂದು ನಗದೆ ಉತ್ತರ ಕೊಡುತ್ತಿದ್ದಳು.

ಅವಳ ಅಮ್ಮ ಇಲ್ಲಿಯ ಟ್ರ್ಯಾಕಿಗೆ ಬಂದದ್ದು ಒಂದೇ ಸಲ. ಆ ದಿನವೇ ಯಾವನೋ ಒಬ್ಬನ ಕಾರ್ಟ್ ಮಗುಚಿತು. ಅವನಿಗೆ ಹೆಚ್ಚೇನೂ ಆಗಲಿಲ್ಲ, ಎದ್ದು ನಡೆದೇ ಹೋದ. ಆದರೂ ಆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೆನ್ನು ತಿರುಗಿಸಿ ನಿಂತವರು ಕೊನೆಯವರೆಗೂ ಈ ಕಡೆ ತಿರುಗಲಿಲ್ಲ. ಅದಾದ ಮೇಲೆ ಮನೆಯಲ್ಲಿ ರೇಸ್ ಎಂಬ ಶಬ್ದ ಬಂದರೆ ಎದ್ದು ಒಳಗೆ ಹೋಗುತ್ತಿದ್ದರು.

ಮಲೇಷ್ಯಾದಲ್ಲಿ ಅಂತಾರಾಷ್ಟ್ರೀಯ ಕಾರ್ಟಿಂಗ್ ಚಾಂಪಿಯನ್‌ಶಿಪ್. ನಮ್ಮ ಗ್ಯಾರೇಜಿನಿಂದ ಅಕ್ಕ ಮತ್ತು ನಾನು ಆಯ್ಕೆಯಾದೆವು. ಮೊದಲ ಮೂವರಲ್ಲಿ ಬಂದವರನ್ನು ಅಲ್ಲಿಯದೇ ಒಂದು ತಂಡ ಮರುವರ್ಷಕ್ಕೆ ತನ್ನ ಖರ್ಚಿನಲ್ಲಿ ಇಟ್ಟುಕೊಳ್ಳುವುದಿತ್ತು. ಅವಳಪ್ಪ ಘಣಸೋಲಿಯಲ್ಲಿ ಹೋಟೆಲಿನ ಹೊಸ ಬ್ರಾಂಚ್ ತೆರೆಯುವವರಿದ್ದರು. ಅವರು ಒಂದೇ ಮಾತು ಹೇಳಿದರು. ಮೂವರಲ್ಲಿ ಬಂದರೆ ನಿನ್ನ ದಾರಿ ನಿನಗೆ, ಇಲ್ಲವಾದರೆ ಘಣಸೋಲಿಯ ಗಲ್ಲಾದಲ್ಲಿ ಬಂದು ಕೂರಬೇಕು, ಮತ್ತೆ ಟ್ರ್ಯಾಕಿನ ಸುದ್ದಿ ಎತ್ತಬಾರದು. ಅಕ್ಕ ಒಪ್ಪಿಕೊಂಡಳು. ಹೆಣ್ಣುಮಗಳನ್ನು ಪರದೇಶಕ್ಕೆ ಒಂಟಿಯಾಗಿ ಕಳಿಸುವುದುಂಟೇ ಎಂದು ಅಮ್ಮನೂ ಹೊರಟರು, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು.

ಇಲ್ಲೊಂದು ವಿಷಯ ಹೇಳಬೇಕು. ರೇಸ್ ಮುಗಿದ ಕೂಡಲೇ ಕಾರ್ಟನ್ನೂ ಅದರಲ್ಲಿ ಕೂತವರನ್ನೂ ಹೆಲ್ಮೆಟ್ ಸಮೇತ ಒಟ್ಟಿಗೆ ತೂಗುತ್ತಾರೆ. ನಿಗದಿ ಮಾಡಿದ್ದಕ್ಕಿಂತ ತೂಕ ಕಡಿಮೆ ಬಂದರೆ, ಅದು ಎಷ್ಟೇ ಸಣ್ಣದಿರಲಿ, ಆ ರೇಸ್ ನಿಮ್ಮದಲ್ಲ. ತೆಳ್ಳಗಿನವರ ಸೀಟಿಗೆ ಸೀಸದ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದು ತೂಕ ತುಂಬಿಸುತ್ತಾರೆ. ಸೀಸ ಹೆಚ್ಚಾದರೆ ಕಾರ್ಟ್ ನಿಧಾನ. ಹಾಗಾಗಿ ಸರ್ ಹಿಂದಿನ ದಿನದ ತೂಕ ನೋಡಿಕೊಂಡು ಬೇಕಾದಷ್ಟೇ ಹಾಕುತ್ತಿದ್ದರು. ನಿನ್ನೆ ತಿಂದದ್ದನ್ನೇ ಇವತ್ತೂ ತಿನ್ನಬೇಕು, ನಿನ್ನೆ ಕುಡಿದಷ್ಟೇ ನೀರು ಕುಡಿಯಬೇಕು ಎಂಬುದು ಅವರ ಕಟ್ಟಪ್ಪಣೆ.

ನಾನು ಅರ್ಹತಾ ಸುತ್ತಿನಲ್ಲೇ ಉದುರಿಹೋದೆ. ಅಕ್ಕ ಫೈನಲ್ ತಲುಪಿದಳು. ಫೈನಲ್ ದಿನ ಬೆಳಿಗ್ಗೆ ಇಂಜಿನ್ ಏನೋ ಕಿರಿಕಿರಿ ಮಾಡಿ, ಅದನ್ನು ಬಿಚ್ಚಿ ಕಟ್ಟುವುದರಲ್ಲೇ ಹೊತ್ತು ಹೋಯಿತು. ತೂಕದ ಯಂತ್ರದ ಮುಂದೆ ಉದ್ದನೆಯ ಸಾಲು, ಮೊದಲೇ ತೂಗಿ ನೋಡಲು ಸಮಯವಿರಲಿಲ್ಲ. ಸರ್ ಅವಳನ್ನು ನೋಡಿ, "ಹೊಟ್ಟಿಗೆ ತಿಂದೀ? ನೀರು ಕುಡದೀ?" ಎಂದರು. ಅವಳು ಹೂಂ ಎಂದಳು. ಸೀಸ ನಿನ್ನೆಯಷ್ಟೇ ಉಳಿಯಿತು.

ಆ ರೇಸನ್ನು ನಾನು ಬೇಲಿ ಹಿಡಿದುಕೊಂಡು ನೋಡಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಹಿಂದಿನ ಸಾಲಿನಿಂದ ಹೊರಟವಳು ಒಬ್ಬೊಬ್ಬರನ್ನೇ ದಾಟಿ ಎರಡನೆಯವಳಾಗಿ ಗೆರೆ ಮುಟ್ಟಿದಳು. ಎರಡನೆಯವಳು! ನಾನು ಕೂಗಿದ ಕೂಗಿಗೆ ಪಕ್ಕದ ಜಪಾನೀ ಹುಡುಗ ಬೆಚ್ಚಿಬಿದ್ದ. ಸರ್ ನನ್ನ ಬೆನ್ನಿಗೆ ಗುದ್ದಿದ್ದು ಇನ್ನೂ ನೋಯುತ್ತಿದೆ ಅನಿಸುತ್ತದೆ. ಅಕ್ಕ ಹೆಲ್ಮೆಟ್ಟಿನ ಗಾಜು ಎತ್ತಿದಳು. ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಆದರೂ ನಗುತ್ತಿದ್ದಳು. ಅಷ್ಟು ನಕ್ಕ ಅಕ್ಕನನ್ನು ನಾನು ಮತ್ತೆ ನೋಡಲಿಲ್ಲ...

ತೂಕ ಕಡಿಮೆ ಬಂತು. ಅಧಿಕಾರಿ ಇಳಿಯಲು ಹೇಳಿ ಮತ್ತೆ ಹತ್ತಿಸಿದ. ಮತ್ತೆ ಕಡಿಮೆ. ಸರ್ ಸೀಸದ ಬೋಲ್ಟುಗಳನ್ನು ಮುಟ್ಟಿ ಮುಟ್ಟಿ ನೋಡಿದರು, ಒಂದೂ ಬಿದ್ದಿರಲಿಲ್ಲ. ಆಮೇಲೆ ಅವಳ ಕಡೆ ತಿರುಗಿ, "ಮುಂಜಾನಿ ಏನ್ ತಿಂದಿದ್ದಿ, ಖರೇ ಹೇಳವಾ" ಎಂದರು. ಅವಳು ಬೇಲಿಯಾಚೆ ನಿಂತಿದ್ದ ಅಮ್ಮನ ಕಡೆ ನೋಡಿದಳು. ಅಂದು ಸಂಕಷ್ಟಿ. ಅಮ್ಮ ಹರಕೆ ಹೇಳಿಕೊಂಡಿದ್ದರಂತೆ. ಮಗಳು ಹಿಂದಿನ ರಾತ್ರಿಯಿಂದ ರೇಸ್ ಮುಗಿದು ಚಂದ್ರ ಕಾಣುವ ತನಕ ಉಪವಾಸ ಇರಬೇಕು, ತೊಟ್ಟು ನೀರೂ ಮುಟ್ಟಬಾರದು, ಹರಕೆಯ ವಿಷಯ ಯಾರ ಮುಂದೆಯೂ ಬಾಯಿಬಿಡಬಾರದು. ಬಿಟ್ಟರೆ ಫಲವಿಲ್ಲ.

ಸರ್ ಅಲ್ಲೇ ಬಿದ್ದಿದ್ದ ಟಯರಿನ ಮೇಲೆ ಕುಸಿದು ಕೂತರು. "ಒಂದ್ ಲೋಟ ನೀರವಾ..." ಎಂದರು. "ಬರೇ ಒಂದ್ ಲೋಟ ನೀರು." ಬಹುಮಾನ ಕೊಡುವಾಗ ನಾವು ಸಾಮಾನು ಕಟ್ಟುತ್ತಿದ್ದೆವು.

ಅಕ್ಕನ ಅಪ್ಪ ತಮ್ಮ ಮಾತಿಗೆ ತಪ್ಪಲಿಲ್ಲ. ತಪ್ಪಬಹುದಿತ್ತು, ಮಹಾರಾಯ! ಎರಡನೆಯವಳಾಗಿ ಬಂದ ಮಗಳು, ಇನ್ನೊಂದು ವರ್ಷ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಅಕ್ಕ ಘಣಸೋಲಿಯ ಗಲ್ಲಾದಲ್ಲಿ ಕೂತಳು. ಸರ್ ಹೊಸಬರಿಗೆ ಕಲಿಸುವುದನ್ನು ನಿಲ್ಲಿಸಿದರು. ನಾನೂ ಬಿಟ್ಟೆ, ನನ್ನದೇನೂ ನಷ್ಟವಾಗಲಿಲ್ಲ.

ಒಂದೆರಡು ವರ್ಷ ಕಳೆದ ಮೇಲೆ ಆ ಹೋಟೆಲಿಗೆ ಹೋಗಿದ್ದೆ. ಅಕ್ಕ ತಾನೇ ಕಾಫಿ ತಂದು ಎದುರು ಕೂತಳು. ಗಿರಾಕಿಗಳು ಕಡಿಮೆಯಿದ್ದ ಹೊತ್ತು. ನಾನು ಕೇಳದೆಯೇ ಹೇಳಿದಳು, "ನಿಂಗೆ ಮಾಲೂಮ್ ಇಲ್ಲ. ಅವತ್ತು ಕಾರ್ಟ್ ಹತ್ತುವ ಮೊದಲು ನಂಗೆ ಚಕ್ಕರ್ ಬಂತು, ಕಣ್ಣು ಕತ್ತಲೆ ಆಯ್ತು. ನಳದಲ್ಲಿ ಒಂದು ಗುಟುಕು ನೀರು ಕುಡಿದೆ ಯಾರ್. ಅದಕ್ಕೇ ದೇವರು ಕೊಡ್ಲಿಲ್ಲ." ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀರು ಸಾಲದೆ ಸೋತದ್ದು ನೀನು ಎಂದು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದಳು. ಅಮ್ಮ ನನಗಾಗಿ ಹರಕೆ ಹೊತ್ತರು, ನಾನು ಒಂದು ದಿನ ಬಾಯಿ ಕಟ್ಟಲಾರದೆ ಕೆಡಿಸಿದೆ. ಅಷ್ಟೇ ಅವಳ ಲೆಕ್ಕ. ಗಂಟೆಗಟ್ಟಲೆ ಗೋಡೆಗಳ ಪಕ್ಕದಲ್ಲಿ ಹಾರಿದ ಹುಡುಗಿ ಒಂದು ಗುಟುಕು ನೀರಿಗೆ ಹೆದರಿ ಕೂತಿದ್ದಳು.

ಮೊನ್ನೆ ಆ ವಾಸನೆ ಮೂಗಿನಿಂದ ಹೋಗಲೇ ಇಲ್ಲ. ಮಗು ನಿದ್ದೆ ಹೋದ ಮೇಲೆ ಸಂಜೆಗೆ ಡೊಂಬಿವಲಿಗೆ ಹೋದೆ. ಬಿಲ್ಡಿಂಗಿನಲ್ಲಿ ಹಳಬರು ಯಾರೂ ಇಲ್ಲ. ಅವಳಪ್ಪ ತೀರಿಹೋದರು, ಸರ್ ಕೂಡ ಹೋದರು. ಅಕ್ಕನ ಅಮ್ಮ ಒಬ್ಬರೇ ಮೂರನೇ ಮಾಳಿಗೆಯಲ್ಲಿದ್ದಾರೆ. "ಬಾ ಮಗಾ, ಎಷ್ಟು ಸಮಯ ಆಯ್ತು ನಿನ್ನನ್ನು ನೋಡದೆ" ಎಂದು ಚಹಾ ಇಟ್ಟರು. ನನ್ನ ನಾಲಿಗೆ ಸುಮ್ಮನಿರಲಿಲ್ಲ. ಅಕ್ಕ ಗೆಲ್ಲಲಿ ಅಂತ ನೀವು ಹೇಳಿಕೊಂಡ ಹರಕೆಯೇ ಅವಳನ್ನು ಕೆಡವಿತಲ್ಲ ಆಂಟಿ ಎಂದುಬಿಟ್ಟೆ.

"ಗೆಲ್ಲಲಿ ಅಂತ ಯಾರು ಹೇಳಿದ್ದು ನಿಂಗೆ?" ಎಂದರು. ಕೋಪವೇನೂ ಇರಲಿಲ್ಲ. "ಇದೇ ಕೊನೆಯ ರೇಸ್ ಆಗ್ಲಿ, ಕೈಕಾಲು ಸರಿ ಇದ್ದು ಮನೆಗೆ ಬರ್ಲಿ ಅಂತ ಹೇಳಿಕೊಂಡದ್ದು ನಾನು. ಗಣಪತಿ ನಡೆಸಿಕೊಟ್ಟ. ಊರಿಗೆ ಹೋಗಿ ಅಪ್ಪಕಜ್ಜಾಯದ ಸೇವೆ ಮಾಡಿಸಿ ಬಂದಾಯ್ತು."

ಅಕ್ಕನಿಗೆ ಇದು ಗೊತ್ತುಂಟೇ ಎಂದು ಕೇಳಿದೆ.

"ಅವಳಿಗೆ ಎಂತಕ್ಕೆ? ಹರಕೆ ನಂದಲ್ವಾ?" ಎಂದರು. ಆಮೇಲೆ ಹೆಮ್ಮೆಯಿಂದ, "ಭಕ್ತಿ ಉಂಟು ಮಾರಾಯ ಅವಳಿಗೆ. ಈಗಲೂ ಪ್ರತಿ ಸಂಕಷ್ಟಿಗೆ ಚಂದ್ರ ಕಾಣುವ ತನಕ ಒಂದು ಹನಿ ನೀರು ಮುಟ್ಟುದಿಲ್ಲ. ನನ್ನ ಕೈಯಲ್ಲೇ ಆಗುದಿಲ್ಲ."

ಚಹಾ ಹಾಗೇ ಬಿಟ್ಟು ಎದ್ದೆ. ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಅಕ್ಕನ ನಂಬರ್ ತೆಗೆದೆ. ಹೇಳಿದರೆ ಅವಳಿಗೆ ಉಳಿದಿರುವ ಅಮ್ಮನನ್ನೂ ಕಿತ್ತುಕೊಂಡ ಹಾಗೆ. ರೇಸನ್ನಂತೂ ಯಾರೂ ವಾಪಸ್ ಕೊಡುವುದಿಲ್ಲ... ಫೋನ್ ಜೇಬಿಗೆ ಹಾಕಿಕೊಂಡು ಠಾಣೆಯ ಟ್ರೇನ್ ಹತ್ತಿದೆ. ಮುಂದಿನ ಸಂಕಷ್ಟಿಗೂ ಅಕ್ಕ ಘಣಸೋಲಿಯ ಗಲ್ಲಾದಲ್ಲಿ ಬಾಯಾರಿಕೊಂಡು ಕೂತಿರುತ್ತಾಳೆ.