ನಡುಗಡ್ಡೆಯಿಂದ ನಾವು ಇಳಿಯಲಿಲ್ಲ

ನಮ್ಮ ಕೆರೆಯ ನಡುಗಡ್ಡೆಗೆ ನಾನು ಮೊದಲ ಸಲ ಕಾಲಿಟ್ಟಾಗ ನನಗೆ ನಲವತ್ತಮೂರು ವರ್ಷ. ಹುಟ್ಟಿದ್ದು ಅದೇ ಕೆರೆ ಕೆಳಗಿನ ಹಳ್ಳಿಯಲ್ಲಿ. ಹಳ್ಳಿ ಬಡಾವಣೆಯಾಗಿ, ನಮ್ಮ ರಾಗಿ ಹೊಲವಿದ್ದ ಕಡೆ ವಿದ್ಯಾರಣ್ಯಪುರದ ಬಸ್ಸುಗಳು ಓಡಾಡತೊಡಗಿದ ಮೇಲೂ ನಾವು ಅಲ್ಲೇ ಇದ್ದೆವು. ಯಶವಂತಪುರದ ಅಂಚೆ ಕಚೇರಿಯ ಕೌಂಟರಿನಲ್ಲಿ ನನ್ನ ಕೆಲಸ. ಚಿಕ್ಕಂದಿನಲ್ಲಿ ಆ ನಡುಗಡ್ಡೆಯ ಜಾಲಿಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಆಮೇಲೆ ಮರಗಳನ್ನು ಯಾರೋ ಸೌದೆಗೆ ಕಡಿದರು. ಲಂಟಾನದ ಮುಳ್ಳುಪೊದೆ ಹಬ್ಬಿತು, ಹಕ್ಕಿಗಳು ಬರುವುದನ್ನು ಬಿಟ್ಟವು.

ನಮ್ಮ ಬೀದಿಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಫಿಟ್ಟರ್ ಇದ್ದರು. ಒಂದು ಭಾನುವಾರ ಅವರು ಮಚ್ಚು ಹಿಡಿದು ಕೆರೆಯತ್ತ ಹೊರಟಿದ್ದರು. ಎಲ್ಲಿಗೆ ಎಂದು ಕೇಳಿದೆ.

"ಲಂಟಾನ ಕೀಳೋಕೆ ಕಣಮ್ಮ. ಬರ್ತೀಯಾ?"

ಹೋದೆ. ಯಶವಂತಪುರಕ್ಕೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ. ಕೆರೆಯಲ್ಲಿ ಮೀನು ಹಿಡಿಯುವವನೊಬ್ಬ ನಮ್ಮನ್ನು ತೆಪ್ಪದಲ್ಲಿ ದಾಟಿಸುತ್ತಿದ್ದ. ಬೇರು ಸಮೇತ ಲಂಟಾನ ಕಿತ್ತು ಮುಗಿಸಲು ಎಂಟು ತಿಂಗಳು ಹಿಡಿಯಿತು. ಜಾಲಿ, ಹೊಂಗೆ, ಅತ್ತಿ ನೆಟ್ಟೆವು. ಮೊದಲ ಮಳೆಗಾಲದಲ್ಲಿ ಕೆರೆ ಉಕ್ಕಿ ಅರ್ಧ ಗಿಡ ಕೊಳೆತವು. ಉಳಿದವು ಬೇಸಿಗೆಯಲ್ಲಿ ಸುಟ್ಟುಹೋದವು. "ಊರ ಉಸಾಬರಿ ನಿನಗ್ಯಾಕೆ?" ಎಂದರು ನನ್ನ ಗಂಡ. ಮುಂದಿನ ಭಾನುವಾರವೇ ಮತ್ತೆ ಗುಂಡಿ ತೋಡಲು ಹೋದೆ.

ಐದನೆಯ ವರ್ಷ, ಜಾಲಿಯ ಮೇಲೆ ಬೆಳ್ಳಕ್ಕಿಗಳು ಕಡ್ಡಿ ಜೋಡಿಸತೊಡಗಿದವು. ಫಿಟ್ಟರ್ ಟೋಪಿ ತೆಗೆದು ಗೂಡು ಎಣಿಸತೊಡಗಿದರು.

ಗೂಡುಗಳಲ್ಲಿ ಮರಿಗಳಾದ ಹೊತ್ತಿಗೇ ಕೆರೆ ಅಭಿವೃದ್ಧಿಯ ಕೆಲಸ ಹಿಡಿದಿದ್ದ ಗುತ್ತಿಗೆದಾರನ ಮೇಸ್ತ್ರಿ ಬಂದ. ನಡುಗಡ್ಡೆಯ ಮೇಲೆ ಬಣ್ಣದ ದೀಪದ ಮಂಟಪ ಕಟ್ಟುತ್ತಾರಂತೆ, ದೋಣಿಯಲ್ಲಿ ಜನರನ್ನು ತರುತ್ತಾರಂತೆ. ದಡದಲ್ಲಿ ನಿಂತು, ನಮ್ಮನ್ನು ದಾಟಿಸುವ ತೆಪ್ಪವನ್ನೇ ಬಾಡಿಗೆಗೆ ಕೇಳಿದ.

"ಮರಿ ಅವೆ ಸ್ವಾಮಿ. ಇಂಗೆ ಬಂದ್ ಕೇಳುದ್ರೆ ನಾನ್ ತೆಪ್ಪ ಬುಡಾಕಿಲ್ಲ," ಎಂದ ಮೀನಿನವನು.

ಮೇಸ್ತ್ರಿ ನನ್ನತ್ತ ತಿರುಗಿದ. "ಮೇಡಂ, ನೀವು ಅಂಚೆ ಕಚೇರೀಲಿ ಇರೋರಲ್ವಾ? ಸಂಬಳ ತಗೊಂಡು ಸರ್ಕಾರದ ಕೆಲಸಾನೇ ತಡೀತೀರಾ? ನಿಮ್ ಸಾಹೇಬ್ರಿಗೆ ಬರೀತೀನಿ."

"ಬರೀರಿ. ರಿಜಿಸ್ಟರ್ ಮಾಡೇ ಕಳ್ಸಿ. ನನ್ ಕೌಂಟರಿಗೇ ಬನ್ನಿ, ರಸೀದಿ ಕೊಡ್ತೀನಿ."

ಪತ್ರ ನಿಜಕ್ಕೂ ಬಂತು. ಸಾಹೇಬರು ವಿವರಣೆ ಕೇಳಿದರು. ಭಾನುವಾರ ನನ್ನ ರಜೆ, ಆ ದಿನ ಗಿಡ ನೆಡುತ್ತೇನೆ ಎಂದು ಒಂದೇ ಸಾಲು ಬರೆದು ಕೊಟ್ಟೆ. ಓದಿ ನಕ್ಕು ಫೈಲಿಗೆ ಹಾಕಿದರು.

ಅಷ್ಟರಲ್ಲಿ ಅರಣ್ಯ ಇಲಾಖೆಗೆ ನಾವು ಕೊಟ್ಟಿದ್ದ ದೂರಿನ ಮೇಲೆ ಅಲ್ಲಿನ ಒಬ್ಬ ಅಧಿಕಾರಿ ಬಂದು, ಗೂಡುಗಳನ್ನು ದುರ್ಬೀನಿನಲ್ಲಿ ನೋಡಿ, ಮರಿಗಳು ಹಾರುವ ತನಕ ಕೆಲಸ ನಿಲ್ಲಿಸಿ ಎಂದು ಆದೇಶ ಕೊಟ್ಟಿದ್ದರು. ಸಿಕ್ಕಿದ್ದು ಅಷ್ಟೇ. ಮರಿಗಳು ಹಾರಿದ ಮರುವಾರ, ನಾನು ಕೌಂಟರಿನಲ್ಲಿದ್ದಾಗ, ಮೇಸ್ತ್ರಿಯ ಕಡೆಯವರು ಬೇರೆ ದೋಣಿ ತಂದು ಒಂಬತ್ತು ಮರ ಉರುಳಿಸಿದರು. ಫಿಟ್ಟರ್ ಫೋನ್ ಮಾಡಿ ಹೇಳಿದರು. ನಾನು ಊಟದ ಡಬ್ಬಿ ತೆರೆಯದೆ ಮನೆಗೆ ಬಂದೆ.

ಆ ಭಾನುವಾರ ಗಂಗಾನಗರ, ಮತ್ತಿಕೆರೆಯಿಂದಲೂ ಜನ ಬಂದರು. ನನ್ನ ಗಂಡನೂ ಹಾರೆ ಹೆಗಲಿಗೇರಿಸಿ ಬಂದರು. ಮಂಟಪಕ್ಕೆ ಸುಣ್ಣದ ಗೆರೆ ಎಳೆದಿದ್ದ ಚೌಕದೊಳಗೇ ಸಸಿ ನೆಟ್ಟೆವು. ಮೇಸ್ತ್ರಿಯ ಆಳುಗಳು ಕಿತ್ತರು. ನಾವು ನೆಟ್ಟೆವು. ಮತ್ತೆ ಕಿತ್ತರು.

ಮೂರನೆಯ ಸಲ ನೆಡುವಾಗ ಮೇಸ್ತ್ರಿ ದೋಣಿಯಲ್ಲಿ ಕೂತೇ ಕೂಗಿದ: "ನಿಮ್ಗೆ ಬೇಜಾರೇ ಆಗಲ್ವೇನ್ರೀ?"

"ನಿಮ್ಗಾಯ್ತಾ?" ಎಂದರು ಫಿಟ್ಟರ್.

ಆಮೇಲೆ ಮೇಸ್ತ್ರಿಯ ಕಡೆಯವರು ಬರಲಿಲ್ಲ. ಮಂಟಪ ನಡುಗಡ್ಡೆ ಬಿಟ್ಟು ಕೆರೆ ಏರಿಯ ಮೇಲೆ ಎದ್ದಿತು. ಸಂಜೆ ಜನ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ತೆಗೆಸಿಕೊಳ್ಳಲಿ. ಚೌಕದಲ್ಲಿ ನೆಟ್ಟ ಜಾಲಿಗಳು ನನ್ನ ಭುಜದೆತ್ತರಕ್ಕೆ ಬಂದಿವೆ. ಪ್ರತಿ ಭಾನುವಾರ ಅವುಗಳ ಬುಡದ ಕಳೆ ಕೀಳುವಾಗ ಮುಳ್ಳು ತಾಗಿ ಕೈಯೆಲ್ಲ ಗೀರು.