ಬ್ಯಾಡ ಅಂದವರ ಜೇಬು

ಜಪಾನಿನಲ್ಲಿ ನಾನೊಬ್ಬ ಟ್ಯಾಕ್ಸಿ ಡ್ರೈವರನ್ನು ಹೆದರಿಸಿ ಬಂದಿದ್ದೇನೆ. ಹೊಡೆಯಲಿಲ್ಲ, ಬೈಯಲಿಲ್ಲ. ಟಿಪ್ ಕೊಡಲು ಹೋಗಿದ್ದೆ, ಅಷ್ಟೇ!

ಆತ ಕೈ ಅಡ್ಡ ಹಿಡಿದು ಬೇಡವೆಂದ. ನಾವು ಬೀದರಿನವರು ಅಷ್ಟಕ್ಕೆ ಬಿಡುತ್ತೇವೆಯೇ? ಬೇಡವೆನ್ನುವುದು ಅವರ ಮರ್ಯಾದೆ, ಜೇಬಿಗೆ ತುರುಕುವುದು ನಮ್ಮ ಮರ್ಯಾದೆ. ಸೀದಾ ಅವನ ಅಂಗಿ ಜೇಬಿಗೇ ಕೈ ಹಾಕಿದೆ. ಪಾಪ, ಮನುಷ್ಯ ಸೀಟಿಗೆ ಅಂಟಿಕೊಂಡುಬಿಟ್ಟ. ಅಲ್ಲಿ ಟಿಪ್ ಕೊಟ್ಟರೆ ಮುಜುಗರವಂತೆ. ಅಮೆರಿಕದಲ್ಲಿ ಕೊಡದಿದ್ದರೆ ವೇಟರ್ ಮುಖ ಗಂಟಿಕ್ಕುತ್ತಾನಂತೆ (ನನ್ನ ಷಡ್ಡಕ ಅನುಭವಿಸಿ ಬಂದಿದ್ದಾನೆ). ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು. ಏನು ಮಾಡಬೇಕು ಸ್ವಾಮಿ?

ಬೇಡವೆಂದವರಿಗೆ ಬಲವಂತ ಮಾಡಬಾರದು ಎಂದು ನಿಶ್ಚಯಿಸಿಕೊಂಡೇ ಊರಿಗೆ ಮರಳಿದೆ.

ಹೋದ ವಾರ ಔರಾದ್ ತಾಲ್ಲೂಕಿನ ಎಕಂಬಾದಲ್ಲಿ ನೆಂಟರ ಗೃಹಪ್ರವೇಶ. ನಾನು, ಹೆಂಡತಿ, ಒಂದು ಬಾಡಿಗೆ ಕಾರು. ಡ್ರೈವರ್ ಬೀದರಿನದೇ ಚಿದ್ರಿ ಬಡಾವಣೆಯ ಮಾರುತಿ. ಭಾಲ್ಕಿಗೆ ಹೋಗಿ ನನ್ನ ಅತ್ತೆಯವರನ್ನು ಕರೆದುಕೊಂಡೆವು. ಅವರಿಗೆ ಮಂಡಿನೋವು. ಮೆಟ್ಟಿಲು ಕಂಡಲ್ಲೆಲ್ಲ ಮಾರುತಿಯೇ ರಟ್ಟೆ ಹಿಡಿದು ಹತ್ತಿಸಿದ, ಇಳಿಸಿದ. (ಅಳಿಯ ಎಲ್ಲಿದ್ದ ಎಂದು ಕೇಳಬೇಡಿ. ಊಟದ ಪಂಕ್ತಿಯಲ್ಲಿದ್ದ.)

ಸಂಜೆ ಅತ್ತೆಯವರನ್ನು ಭಾಲ್ಕಿಯಲ್ಲಿ ಬಿಟ್ಟು, ಬೀದರಿಗೆ ಬಂದು ಮೈಲೂರಿನ ನಮ್ಮ ಮನೆ ಮುಂದೆ ಇಳಿದಾಗ ಒಂದು ನೋಟು ಚಾಚಿದೆ.

"ಏ, ಬ್ಯಾಡ ಬಿಡ್ರಿ ಸಾಹೇಬ್ರ, ಅವರು ನಮ್ಮ ತಾಯಿ ಇದ್ದಂಗ."

ನಾನು ಜಪಾನಿಯರಂತೆ ತಲೆಬಾಗಿ, ನೋಟು ಜೇಬಿಗಿಳಿಸಿದೆ. ಮಾರುತಿ ಒಂದು ಗಳಿಗೆ ನಿಂತ. ಆಮೇಲೆ ಕಾರು ಹತ್ತಿ ಹೋದ.

ಹೆಂಡತಿ ಬಾಗಿಲಲ್ಲೇ ಹಿಡಿದಳು.

"ಅಂವ ಬ್ಯಾಡ ಅಂದ್ರ ಬಿಟ್ಟೇ ಬಿಡೂದೇನ್ರೀ? ಹಾದ್ಯಾಗ ನೀವು ಗೊರಕಿ ಹೊಡೀಲತ್ತಿದ್ರಿ, ನಿಮಗೇನು ಗೊತ್ತು? ಕಾರು ಮಾಲಕಂದು, ಬಾಡಿಗಿನೂ ಮಾಲಕಂಗೇ. ಹಾಸ್ಟೆಲ್‌ನಿಂದ ಅಂವನ ಮಗಳು ಇವತ್ತೊಂದೇ ರಾತ್ರಿಗಿ ಬರ್ಲತ್ತಾಳ. ಬಿರ್ಯಾನಿ ತರ್ರಿ ಪಪ್ಪಾ ಅಂದಾಳಂತ. ನಾವು ಕೊಡೋ ಖುಷಿ ರೊಕ್ಕ ನಂಬೇ ಅಂವ ಕುಂತಿದ್ದ!"

ಮಾರುತಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಊಟಕ್ಕೆ ಕೂತವನು ತಟ್ಟೆ ಬಿಟ್ಟೆದ್ದು ಇನ್ನೊಮ್ಮೆ ಮಾಡಿದೆ. ಬೇಕಿದ್ದರೆ ಬೇಕು ಅನ್ನಬಾರದೇ ಎಂದು ಅವನ ಮೇಲೂ ಸಿಟ್ಟು ಬಂತು. ನಾನಾಗಿದ್ದರೆ ಅನ್ನುತ್ತಿದ್ದೆನೇ? ನಾನೂ ಇದೇ ಮಣ್ಣಿನವನಲ್ಲವೇ? ಹೊರಗೆ ಹೋದೆ, ಒಳಗೆ ಬಂದೆ, ಟಿವಿ ಹಚ್ಚಿದೆ, ಆರಿಸಿದೆ.

ಬೆಳಿಗ್ಗೆ ಚಿದ್ರಿಗೆ ಓಡಿದೆ. ಮಾರುತಿ ಕಾರು ಒರೆಸುತ್ತಿದ್ದ. ಈ ಸಲ ಕೇಳಲೇ ಇಲ್ಲ, ಜೇಬಿಗೇ ತುರುಕಿದೆ.

ಅವನು ನೋಟು ತೆಗೆದು ಮೆಲ್ಲಗೆ ನನ್ನ ಕೈಯಲ್ಲಿಟ್ಟ. ಸಿಟ್ಟೇನೂ ಇರಲಿಲ್ಲ.

"ಈಗ ಯಾಕ್ರಿ ಸಾಹೇಬ್ರ? ಮಗಳು ಮುಂಜಾನಿ ಬಸ್ಸಿಗೇ ಹೋದಳ್ರಿ."

"ಬಿರ್ಯಾನಿ?"

"ಮನ್ಯಾಗ ಬ್ಯಾಳಿ ಮಾಡಿದ್ರು. ಮುಂದಿನ ಸಲ ತಿಂತೇನಿ ಪಪ್ಪಾ ಅಂದಳು."

ಆ ನೋಟು ಇನ್ನೂ ನನ್ನ ಹತ್ತಿರವೇ ಇದೆ. ಅದು ಯಾವ ದೇಶದಲ್ಲಿ ನಡೆಯುತ್ತದೆ, ಹೇಳಿ?