ಚನ್ನಮಲ್ಲಣ್ಣನವರ ಹೊಸ ಕಿವಿ

ಹೊಸದೊಂದನ್ನು ಬಳಸಿ ಎಂದರೆ ಚನ್ನಮಲ್ಲಣ್ಣನವರಿಗೆ ಕೈಯೇ ಬರುವುದಿಲ್ಲ. ಹೊಸ ಅಂಗಿ ಬಂದರೆ ಸೀದಾ ಬೀರು ಸೇರುತ್ತದೆ. ಹೊಸ ತಟ್ಟೆಗಳು ಗಾಜಿನ ಕಪಾಟಿನಲ್ಲಿ ಕೂತು ನೆಂಟರ ದಾರಿ ಕಾಯುತ್ತವೆ. ನಾವಿರುವ ಜರ್ಮನಿಯ ಊರು ಹರ್ಟ್ಸೋಗೆನಾವ್‌ರಾಕ್‌ನ ಚಳಿಗೆಂದು ಹೆಂಡತಿ ಬಸವ್ವ ಆರಿಸಿ ತಂದ ಕೋಟು ಇವತ್ತಿಗೂ ಕವರಿನೊಳಗೇ ಇದೆ. "ಇರ್ಲಿ ಬಿಡ್ರಿ, ಬೇಕಾದಾಗ ಆಗ್ತೈತಿ" ಅನ್ನುತ್ತಾರೆ. ಆ ಬೇಕಾದ ಹೊತ್ತು ಬಂದದ್ದನ್ನು ನಾನಂತೂ ಕಂಡಿಲ್ಲ.

ನಾನು ಹರಿಪ್ರಿಯಾ, ಮೈಸೂರಿನವಳು. ಅವರಿರುವ ಕಂಪನಿಯಲ್ಲೇ ನನಗೂ ಸಾಫ್ಟ್‌ವೇರ್ ಕೆಲಸ. ಅವರು ಬಾಗಲಕೋಟೆ ಕಡೆಯವರು, ಬೇರಿಂಗ್‌ಗಳನ್ನು ಓಡಿಸಿ ಪರೀಕ್ಷೆ ಮಾಡುವ ಎಂಜಿನಿಯರ್. ವಯಸ್ಸಿಗೋ ಏನೋ, ಕಿವಿ ಮಂದವಾಗಿತ್ತು. ಹೇಳಿದರೆ ಒಪ್ಪುತ್ತಿರಲಿಲ್ಲ, "ನೀವ ಸಣ್ಣ ದನಿಲೆ ಮಾತಾಡ್ತೀರಿ" ಎಂದು ನಮ್ಮ ಮೇಲೇ ಹಾಕುತ್ತಿದ್ದರು.

ಇದರಲ್ಲಿ ನಷ್ಟವಾಗುತ್ತಿದ್ದದ್ದು ಮಗಳು ಕೀರ್ತಿಗೆ. ಇಲ್ಲೇ ಹುಟ್ಟಿದವಳು. ಶಾಲೆ, ಸ್ನೇಹಿತೆಯರು, ಅವ್ವನ ಜೊತೆ ಜಗಳ, ಎಲ್ಲವೂ ಜರ್ಮನ್‌ನಲ್ಲೇ. ಅಪ್ಪನ ಹತ್ತಿರ ಮಾತ್ರ ಹಟ ಹಿಡಿದು ಕನ್ನಡ ಆಡುತ್ತಿದ್ದಳು. ಆದರೆ ಅವಳದು ಮೆಲುದನಿ. ಒಂದು ಸಲ ಹೇಳುವಳು, ಇನ್ನೊಂದು ಸಲ ಹೇಳುವಳು, ಅಪ್ಪನ ಸುಳ್ಳು "ಹೂಂ" ಕೇಳಿ "ಎಗಾಲ್, ಹೋಗ್ಲಿ ಬಿಡು" ಎಂದು ತನ್ನ ಕೋಣೆಗೆ ಹೋಗಿಬಿಡುವಳು. ಈಚೆಗೆ ಹೇಳುವುದನ್ನೇ ಬಿಟ್ಟಿದ್ದಳು. ಶಾಲೆ ಮುಗಿದರೆ ಓದಲು ಬೇರೆ ಊರಿಗೆ ಹೋಗುವ ಹುಡುಗಿ. ನೋಡಿ ನನಗೆ ಸಂಕಟವಾಗುತ್ತಿತ್ತು.

ನವೆಂಬರಿನಲ್ಲೊಮ್ಮೆ ಕ್ಯಾಂಟೀನಿನಲ್ಲಿ ನನ್ನ ಹೊಸ ಕನ್ನಡಕದ ಮಾತು ಬಂತು. ನಮ್ಮ ಕಂಪನಿ ಪ್ರತಿಯೊಬ್ಬರ ಹೆಸರಿನಲ್ಲೂ ವರ್ಷಕ್ಕಿಷ್ಟು ಎಂದು ಆರೋಗ್ಯದ ಹಣ ಇಡುತ್ತದೆ. ಕಣ್ಣಿಗೋ ಹಲ್ಲಿಗೋ ಕಿವಿಗೋ ಖರ್ಚು ಮಾಡಿ ಬಿಲ್ ಕಳಿಸಿದರೆ ವಾಪಸು ಬರುತ್ತದೆ. ಅದನ್ನೇ ಸಂಬಳಕ್ಕೆ ಸೇರಿಸಿ ಕೊಟ್ಟಿದ್ದರೆ ತೆರಿಗೆಯವರು ಒಂದಷ್ಟು ಕೀಳುತ್ತಿದ್ದರು, ಹೀಗೆ ಕೊಟ್ಟರೆ ಅದಕ್ಕೆ ತೆರಿಗೆಯಿಲ್ಲ. ಕನ್ನಡಕ ಆ ಹಣದ್ದು ಎಂದಾಗ ಚನ್ನಮಲ್ಲಣ್ಣ ನನ್ನನ್ನು ಮನೆ ಹಾಳು ಮಾಡುವವಳಂತೆ ನೋಡಿದರು.

"ನಾ ಒಂದ್ ಪೈಸಾ ಮುಟ್ಟಿಲ್ಲ ತಂಗಿ. ಕೂಡ್ಲಿ. ಬಸವ್ವನ ಮೊಣಕಾಲಿಗೆ ಆಗ್ತೈತಿ."

"ಕೂಡೋದಾ? ಅಣ್ಣಾ, ಇದು ಪಿ.ಎಫ್. ಅಲ್ಲ. ಡಿಸೆಂಬರ್ ಮುಗೀತು ಅಂದ್ರೆ ಉಳಿದಿದ್ದೆಲ್ಲ ಹೋಯ್ತು. ಜನವರಿಗೆ ಬೇರೆ."

"ಹೋದ ವರ್ಷದ್ದು?"

"ಅದು ಹೋದ ವರ್ಷಾನೇ ಹೋಯ್ತು. ಅಲ್ಲದೆ ಅದು ನಿಮ್ಮೊಬ್ಬರಿಗೆ. ಅತ್ತಿಗೆ ಮಂಡಿಗೆ ಕ್ರಾಂಕನ್‌ಕಾಸ್ಸೆ ಇಲ್ವಾ? ನಿಮ್ಮ ಇನ್ಷೂರೆನ್ಸಲ್ಲೇ ಅವರೂ ಇದಾರಲ್ಲ!"

ಅವರ ಮುಖ ಕಂಡು ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಪಾಪ ಅನ್ನಿಸಿತು. ಹೆಂಡತಿಗೆಂದು ಕೂಡಿಟ್ಟೆ ಅಂದುಕೊಂಡಿದ್ದ ಮನುಷ್ಯ. ಆದರೂ ನಾನು ಬಿಡಲಿಲ್ಲ, ಈ ವರ್ಷದ್ದನ್ನಾದರೂ ಕಿವಿಗೆ ಹಾಕಿ ಎಂದು ಹಟ ಹಿಡಿದು ಕಿವಿ ಡಾಕ್ಟರ ಅಪಾಯಿಂಟ್‌ಮೆಂಟನ್ನು ನಾನೇ ಹಿಡಿದುಕೊಟ್ಟೆ. ಕಿವಿ ಕೇಳದು ಎನ್ನುವ ನಾಚಿಕೆಗಿಂತ ಹಣ ದಂಡವಾಗುವ ಸಂಕಟವೇ ಹೆಚ್ಚಾಗಿ ಅವರು ಹೋದರು. ಒಂದು ಪಾಲು ಆರೋಗ್ಯ ವಿಮೆಯ ಕ್ರಾಂಕನ್‌ಕಾಸ್ಸೆ ಕೊಟ್ಟಿತು, ಉಳಿದದ್ದಕ್ಕೆ ಕಂಪನಿಯ ಹಣ. ಕ್ರಿಸ್ಮಸ್ ಹೊತ್ತಿಗೆ ಎರಡೂ ಕಿವಿಗೆ ಅವರೆಕಾಳಿನಷ್ಟು ಯಂತ್ರಗಳು ಬಂದವು.

ಆಫೀಸಿನಲ್ಲಿ ಅವರು ಬೇರೆಯೇ ಮನುಷ್ಯರಾದರು. ಕೂಗಾಡುವುದು ನಿಂತಿತು. ಮೀಟಿಂಗಿನ ಮೂಲೆಯಲ್ಲಿ ಯಾರೋ ಗೊಣಗಿದರೆ ಅದಕ್ಕೂ ಉತ್ತರ ಕೊಡತೊಡಗಿದರು. ನಾನು ಗೆದ್ದೆ ಅಂದುಕೊಂಡು ಮೀಸೆಯಿಲ್ಲದಿದ್ದರೂ ತಿರುವಿಕೊಂಡೆ.

ಸಂಕ್ರಾಂತಿಗೆ ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ನಾನು ಸ್ವಲ್ಪ ಬೇಗನೇ ಹೋದೆ. ಬಸವ್ವ ಬಾಗಿಲು ತೆಗೆದರು. ನನ್ನನ್ನು ಕಂಡದ್ದೇ ಚನ್ನಮಲ್ಲಣ್ಣ ಗಡಿಬಿಡಿಯಲ್ಲಿ ಎದ್ದು, ಕಪಾಟಿನ ಸ್ಟೀಲ್ ಡಬ್ಬಿಯಿಂದ ಯಂತ್ರಗಳನ್ನು ತೆಗೆದು ಕಿವಿಗೇರಿಸಿದರು.

"ಮನೇಲಿ ಹಾಕ್ಕೊಳಲ್ವಾ?" ಎಂದೆ.

"ಮನ್ಯಾಗ ಯಾಕ ಸವಸೂದು? ಇಲ್ಲಿ ಎಲ್ಲಾರೂ ನಮ್ಮವರ ಅದಾರಲ್ಲ."

ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ, ಮೇಜಿನ ಬಳಿ ಎಳ್ಳು ಬೆಲ್ಲ ಕಲೆಸುತ್ತಿದ್ದ ಕೀರ್ತಿ ಕೈ ನಿಲ್ಲಿಸಿದಳು. ದನಿ ಏರಿಸಲಿಲ್ಲ, ಯಾವತ್ತಿನ ಅದೇ ಮೆಲುದನಿ.

"ಪಪ್ಪಾ, ಹೊರಗಿನವ್ರಿಗೆ ಹೊಸಾ ಕಿವಿ. ನನಗ ಹಳೇದಾ?"

ಪ್ರತಿ ಅಕ್ಷರವೂ ಕೇಳಿಸಿರಬೇಕು. ಚನ್ನಮಲ್ಲಣ್ಣ ಕಿವಿ ಮುಟ್ಟಿಕೊಂಡು ನಿಂತೇಬಿಟ್ಟರು. ಕಣ್ಣು ತುಂಬಿ ಬಂತು. ಖಾಲಿ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟರು.

"ತೊಳದು ಇದ್ರಾಗ ಎಳ್ಳು ತುಂಬು. ಇನ್ನ ಇದು ನನಗ ಬ್ಯಾಡ."

ಆಮೇಲೆ ಮಗಳ ಎದುರು ಕುರ್ಚಿ ಎಳೆದು ಕೂತರು.

"ಇಷ್ಟ್ ದಿನ ಏನೇನ ಹೇಳಿದ್ದಿ ಅವ್ವಿ? ಹೇಳು."

"ಆಲೆಸ್? ಎಲ್ಲಾ? ಮೊದಲಿಂದ?"

"ಮೊದಲಿಂದನ ಹೇಳು."

ಅವಳು ಅನುಮಾನದಿಂದ ನೋಡಿದಳು. ಶಾಲೆಯ ಬೆಂಚಿನಲ್ಲಿ ತನ್ನ ಪಕ್ಕ ಯಾರೂ ಕೂರದಿದ್ದ ಒಂದು ವರ್ಷದಿಂದ ಶುರು ಮಾಡಿದಳು. ಅಪ್ಪ ಒಂದು ಸಲವೂ "ಹೂಂ" ಅನ್ನಲಿಲ್ಲ, "ಆಮ್ಯಾಲ?" ಅನ್ನುತ್ತಿದ್ದರು. ಬಸವ್ವ ಸಜ್ಜೆ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿ, ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಹಸಿವಾಗಿದ್ದರೂ ನನಗೆ ಖುಷಿಯೋ ಖುಷಿ. ಅವತ್ತು ನಾವು ಊಟಕ್ಕೆ ಕೂತಾಗ ಹೊರಗೆ ಬೆಳಕು ಇಳಿಯುತ್ತಿತ್ತು, ಕೀರ್ತಿ ತನ್ನ ಕಥೆಯಲ್ಲಿ ಇನ್ನೂ ಐದನೇ ಕ್ಲಾಸಿನಲ್ಲೇ ಇದ್ದಳು.